ಟೀಮ್ ಇಂಡಿಯಾ ಹಿಂದೆ ಹೊರದೇಶಕ್ಕೆ ಟೆಸ್ಟ್ ನೋಡಕ್ಕೆ: ಶ್ರೀಲಂಕಾನಾ, ನ್ಯೂಜಿಲೆಂಡಾ? ಅನುಭವ ಇದ್ದೋರು ಹೇಳ್ರಿ

ವಿದ್ಯಾನಗರ ವಾಲ್ (ದಾವಣಗೆರೆ), ಆಗಸ್ಟ್ 2025:
ಇಂಗ್ಲೆಂಡಿನ ಓವಲ್‌ನಲ್ಲಿ ನಮ್ಮೋರು 6 ರನ್ನಿಂದ ಗೆದ್ದಿದ್ದು ನೋಡಿದ ಮೇಲೆ ಅಪ್ಪಾಜಿದು ಒಂದೇ ಹಟ, ಒಂದಾದ್ರೂ ಟೆಸ್ಟ್ ಹೊರದೇಶದಲ್ಲಿ ಕೂತು ನೋಡ್ಬೇಕಂತೆ. ಅವರಿಗೆ 64 ವರ್ಷ. ಈ ಡಬ್ಲ್ಯೂಟಿಸಿ (ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್) ಸುತ್ತಿನಲ್ಲಿ ನಮ್ಮೋರಿಗೆ ಹೊರಗೆ ಉಳಿದಿರೋದು ಶ್ರೀಲಂಕಾ, ನ್ಯೂಜಿಲೆಂಡ್ ಎರಡೇ, ತಲಾ ಎರಡು ಟೆಸ್ಟ್. ಇಬ್ಬರಿಗೆ ಸೇರಿ ಮೂರು ಲಕ್ಷ ತೆಗೆದಿಟ್ಟೀವಿ. ಯಾವುದಕ್ಕೆ ಹೋಗೋದು, ಎಷ್ಟು ದಿನದ ಟಿಕೆಟ್ ತಗೊಳ್ಳೋದು, ಪ್ಯಾಕೇಜಾ ಸ್ವಂತನಾ?

ಐದನೇ ದಿನ (ದಾವಣಗೆರೆ):
ಎರಡೂ ಬಿಡ್ರಿ, ಇಂಗ್ಲೆಂಡಿಗೆ ಕಾಯ್ರಿ. ಈ ಸಲ ಐದಕ್ಕೆ ಐದೂ ಟೆಸ್ಟ್ ಐದನೇ ದಿನಕ್ಕೆ ಹೋದವು. ಹೆಡಿಂಗ್ಲೆಯಲ್ಲಿ ಅವರು 371 ಬೆನ್ನತ್ತಿದ್ದು, ಲಾರ್ಡ್ಸ್‌ನಲ್ಲಿ ನಾವು 193 ಹೊಡೆಯಕ್ಕಾಗದೆ 22 ರನ್ನಿಂದ ಬಿದ್ದಿದ್ದು, ಎಲ್ಲಾ ಕಡೇ ದಿನವೇ. ಎಜ್‌ಬಾಸ್ಟನ್ ಮತ್ತು ಲಾರ್ಡ್ಸ್, 14 ರಾತ್ರಿ, ಒಬ್ಬರ ಲೆಕ್ಕ ಹಾಕ್ತೀನಿ ನೋಡ್ರಿ. ವೀಸಾ 2025ರಲ್ಲಿ 127 ಪೌಂಡ್, ಹತ್ತಿರ ಹತ್ತಿರ 15,000. ವಿಮಾನ 84,000, ಅದೂ ಮಾರ್ಚ್‌ನಲ್ಲೇ ಬುಕ್ ಮಾಡಿದ್ದಕ್ಕೆ. ರೂಮು ರಾತ್ರಿಗೆ 7,200ರ ಹಾಗೆ 1,00,800. ರೈಲು, ಊಟ 40,000. ನಾಲ್ಕು ದಿನದ ಟಿಕೆಟ್ 38,000. ಒಟ್ಟು 2,77,800. ಇದರಲ್ಲಿ ಕೈ ಕಚ್ಚೋದು ರೂಮು. ಟೆಸ್ಟ್ ವಾರ ಬರ್ಮಿಂಗ್ಹ್ಯಾಮ್ ಊರೊಳಗೆ ದರ ಏರಿಬಿಡುತ್ತೆ. ಕೊವೆಂಟ್ರಿಯಲ್ಲಿ ಉಳಿದ್ರೆ ರೈಲಲ್ಲಿ 20–25 ನಿಮಿಷ ಅಷ್ಟೇ. ಲಾರ್ಡ್ಸ್ ಮೊದಲ ನಾಲ್ಕು ದಿನದ ಟಿಕೆಟ್‌ಗೆ ತಿಂಗಳುಗಟ್ಟಲೆ ಮುಂಚೆ ಹೆಸರು ಹಾಕಿ ಲಾಟರಿ ಕಾಯ್ಬೇಕು. ಐದನೇ ದಿನದ್ದು ಆಮೇಲೆ ಬಿಡ್ತಾರೆ, ಅಗ್ಗ. ಜನ ಅದನ್ನೇ ಬಿಟ್ಟುಬಿಡ್ತಾರೆ, ಪೆದ್ದುತನ.

ಅಡಿಕೆ ತೋಟ (ಚನ್ನಗಿರಿ):
ವೀಸಾ 15,000 ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ರಲ್ಲ! ತಿರಸ್ಕಾರ ಆದ್ರೆ ಆ ದುಡ್ಡು ವಾಪಸ್ ಬರಲ್ಲ. ನಮ್ಮಂಥ ತೋಟದೋರಿಗೆ ಎಡವೋದು ಎಲ್ಲಿ ಅಂದ್ರೆ, ವರ್ಷಕ್ಕೆ ಒಂದೇ ಸಲ ಅಡಿಕೆ ಮಾರಿ ಆರೇಳು ಲಕ್ಷ ಖಾತೆಗೆ ಬೀಳುತ್ತೆ. ಆರು ತಿಂಗಳ ಸ್ಟೇಟ್‌ಮೆಂಟ್ ನೋಡೋ ಅಧಿಕಾರಿಗೆ ಅದು ಯಾರೋ ಸಾಲ ಕೊಟ್ಟು ತುಂಬಿಸಿದ ಹಾಗೆ ಕಾಣುತ್ತೆ. ಅದಕ್ಕೆ ಸೊಸೈಟಿ ಬಿಲ್ಲು, ಮಂಡಿ ಪಟ್ಟಿ ದಿನಾಂಕದ ಸಮೇತ ಇಡ್ರಿ. ಪಟ್ಟಿ ಮೊತ್ತವೂ ಖಾತೆಗೆ ಬಿದ್ದ ಮೊತ್ತವೂ ತಾಳೆ ಆಗ್ಬೇಕು. ಅರ್ಧ ನಗದು ಅರ್ಧ ಚೆಕ್ ಅಂದ್ರೆ ಕೆಟ್ಟಿತು. ಕೃಷಿ ಆದಾಯ ರಿಟರ್ನ್‌ನಲ್ಲಿ ತೋರಿಸಿರ್ಬೇಕು. ಪಹಣಿ ಕನ್ನಡದಲ್ಲಿ ಇರುತ್ತಲ್ಲ, ಅದನ್ನ ಇಂಗ್ಲಿಷಿಗೆ ಮಾಡಿಸಿ, ಅನುವಾದ ಮಾಡಿದೋರ ಹೆಸರು, ಸಹಿ, ದಿನಾಂಕ, ವಿಳಾಸ ಹಾಕಿಸ್ಬೇಕು. ಬರೀ ಪಹಣಿ ಜೆರಾಕ್ಸ್ ಲಗತ್ತಿಸಿದ್ರೆ ಅದು ಇದ್ದೂ ಇಲ್ಲದ ಹಾಗೆ. ಇಲ್ಲಿನ ಒಬ್ಬ ಏಜೆಂಟ್ ‘ಏನೂ ಬೇಡ ಸಾರ್’ ಅಂದಿದ್ದಕ್ಕೆ ನನ್ನ ದುಡ್ಡು ನೀರಿಗೆ ಹೋಯ್ತು. ಹೆಸರು ಹೇಳಲ್ಲ.

ದುರ್ಗದ ಒನಕೆ (ಚಿತ್ರದುರ್ಗ):
ಐದನೇ ದಿನ ಅವರೇ, ಒಂದು ಸರಣಿ ನೋಡ್ಕಂಡು ಶಾಸ್ತ್ರ ಹೇಳ್ಬೇಡಿ. 2024-25ರ ಆಸ್ಟ್ರೇಲಿಯಾ ಸರಣಿಯಲ್ಲಿ ಅಡಿಲೇಡ್ ಮೂರೇ ದಿನ, ಸಿಡ್ನಿ ಮೂರೇ ದಿನ, ಪರ್ತ್ ನಾಲ್ಕು. 2024ರ ಕೇಪ್‌ಟೌನ್ ಟೆಸ್ಟ್ 642 ಎಸೆತಕ್ಕೆ, ಎರಡೇ ದಿನಕ್ಕೆ ಮುಗೀತು. ಆಟ ನಡೆಯದ ದಿನದ ಟಿಕೆಟ್ ದುಡ್ಡು ವಾಪಸ್ ಬರುತ್ತೆ, ರೂಮು ವಿಮಾನದ್ದು ಯಾರಪ್ಪ ಕೊಡ್ತಾನೆ? ಒಂದು, ಎರಡು, ಮೂರು, ಇಷ್ಟೇ ತಗೊಳ್ಬೇಕು. ನೋಡೋದಾದ್ರೆ ಮೆಲ್ಬರ್ನ್. ಆ ಟೆಸ್ಟ್‌ಗೆ ಐದು ದಿನ ಸೇರಿ 3,73,691 ಜನ. ಆದ್ರೆ ಖರ್ಚಿನ ಗುಂಡಿ ಮೆಲ್ಬರ್ನ್ ಅಲ್ಲ, ಸಿಡ್ನಿ. ಡಿಸೆಂಬರ್ 31ರ ಪಟಾಕಿಗೆ ಅಲ್ಲಿ ರೂಮಿನ ದರ ಮೂರು ಪಟ್ಟಾಗುತ್ತೆ. ಮೆಲ್ಬರ್ನ್‌ನಲ್ಲೇ ಉಳಿದು ಜನವರಿ 2ಕ್ಕೆ ಸಿಡ್ನಿ ವಿಮಾನ ಹತ್ತಿದ್ರೆ 3ನೇ ತಾರೀಕಿನ ಟೆಸ್ಟೂ ಸಿಗುತ್ತೆ, ದುಡ್ಡೂ ಉಳಿಯುತ್ತೆ.

ಐದನೇ ದಿನ:
ಮೆಲ್ಬರ್ನ್‌ನಲ್ಲಿ 184 ರನ್ನಿಂದ ಸೋತಿದ್ದು ಯಾವ ದಿನ ಒನಕೆಯವರೇ? ಐದನೇ ದಿನ, ಅದೂ ಟೀ ಆದ ಮೇಲೆ. ಮೂರು ದಿನದ ಟಿಕೆಟ್ ತಗೊಂಡೋರು ಆಗ ಎಲ್ಲಿದ್ರು?

ದುರ್ಗದ ಒನಕೆ:
ಸೋಲೋದು ನೋಡಕ್ಕೆ ಒಂದೂವರೆ ಲಕ್ಷ ಕೊಟ್ಟು ಹೋಗ್ಬೇಕಾ? ಮೂರನೇ ದಿನ ನಿತೀಶ್ ರೆಡ್ಡಿ ಸೆಂಚುರಿ ನೋಡಿದೋರಿಗೆ ಅದೇ ಸಾಕು.

ಎಂಸಿಸಿ ಬಿ ಬ್ಲಾಕ್ (ದಾವಣಗೆರೆ):
ಆಸ್ಟ್ರೇಲಿಯಾಕ್ಕೆ ಹೋಗೋರು ಬ್ಯಾಗ್ ನೋಡ್ಕಳ್ರಿ. ಮಂಡಕ್ಕಿ, ಚಟ್ನಿಪುಡಿ ಏನೇ ಇದ್ರೂ ಅಲ್ಲಿ ಇಳಿಯೋ ಮುಂಚೆ ತುಂಬೋ ಕಾರ್ಡಿನಲ್ಲಿ ‘ತಿನ್ನೋ ಪದಾರ್ಥ ಇದೆ’ ಅಂತ ಟಿಕ್ ಹಾಕ್ಲೇಬೇಕು. ಟಿಕ್ ಹಾಕಿದ್ರೆ ಹೆಚ್ಚು ಅಂದ್ರೆ ಎಸೀತಾರೆ. ಹಾಕ್ದೆ ಸಿಕ್ಕಿಬಿದ್ರೆ ಸಾವಿರಾರು ಡಾಲರ್ ದಂಡ, ವೀಸಾನೂ ಹೋಗಬಹುದು. ಬೆಣ್ಣೆ, ತುಪ್ಪ, ಪೇಡ, ಖೋವಾ ಮುಟ್ಟಲೇಬೇಡಿ. ನಮ್ಮ ದೇಶದಲ್ಲಿ ಕಾಲುಬಾಯಿ ಜ್ವರ ಇರೋದ್ರಿಂದ ಹಾಲಿನ ಪದಾರ್ಥ ಬಿಡಲ್ಲ. ಒಗ್ಗರಣೆ ಮಂಡಕ್ಕಿಯಲ್ಲಿ ಶೇಂಗಾ, ಕರಿಬೇವು ಇದ್ರೆ ಮೇಜಿನ ಮೇಲೆ ಸುರಿದು ನೋಡ್ತಾರೆ.

ಅಡಿಕೆ ತೋಟ:
ಮತ್ತೆ ಅಡಿಕೆ?

ಎಂಸಿಸಿ ಬಿ ಬ್ಲಾಕ್:
ಹಾಕ್ಕಂಡು ಉಗಿಯೋ ಜಾಗ ಅದಲ್ಲ ಗೌಡ್ರೆ, ಮನೇಲೇ ಬಿಟ್ಟು ಬರ್ರಿ.

ಸೈಡ್‌ಸ್ಕ್ರೀನ್ (ಹರಿಹರ):
ಯಾವ ದೇಶ, ಯಾವ ದಿನ ಅಂತ ಕಿತ್ತಾಡ್ತೀರಿ, ಯಾವ ಸೀಟು ಅಂತ ಒಬ್ಬರೂ ಹೇಳಲಿಲ್ಲ. ಪಾಯಿಂಟ್, ಸ್ಕ್ವೇರ್ ಲೆಗ್ ಕಡೆ, ಅಂದ್ರೆ ಪಿಚ್‌ನ ಪಕ್ಕಕ್ಕೆ ಕೂತ್ರೆ ಚೆಂಡಿನ ವೇಗ, ಬೌನ್ಸ್ ಕಾಣುತ್ತೆ, ಸ್ವಿಂಗ್ ಒಂದಿಂಚೂ ಕಾಣಲ್ಲ. ಟೆಸ್ಟ್ ನೋಡೋದಾದ್ರೆ ಬೌಲರ್ ಕೈಯ ನೇರಕ್ಕೆ, ಸೈಟ್‌ಸ್ಕ್ರೀನ್ (ಬೌಲರ್ ಹಿಂದಿನ ದೊಡ್ಡ ಪರದೆ) ಪಕ್ಕ, ಸ್ವಲ್ಪ ಎತ್ತರದಲ್ಲಿ. ಅಲ್ಲಿ ಓವರ್ ನಡೀತಿರುವಾಗ ಎದ್ದು ಓಡಾಡಕ್ಕೆ ಬಿಡಲ್ಲ, ಹಿರಿಯರು ಇದ್ರೆ ದಾರಿ ಪಕ್ಕದ ಸೀಟೇ ತಗೊಳ್ರಿ. ದುರ್ಬೀನು 8×42 ಸಾಕು, 10× ಆದ್ರೆ ಕೈ ನಡುಗಿ ಏನೂ ನಿಲ್ಲಲ್ಲ. ಇಂಗ್ಲೆಂಡಲ್ಲಿ ಮಳೆ ಬಂದು 15 ಓವರ್‌ಗಿಂತ ಕಮ್ಮಿ ಆಟ ಆದ್ರೆ ಪೂರ್ತಿ ದುಡ್ಡು, 30ರೊಳಗೆ ಆದ್ರೆ ಅರ್ಧ ವಾಪಸ್. ಅದು ಟಿಕೆಟ್ ಕೊಂಡೋರ ಹೆಸರಿಗೇ ಹೋಗುತ್ತೆ. ಪ್ಯಾಕೇಜ್‌ನಲ್ಲಿ ಕೊಂಡೋನು ಏಜೆಂಟು, ನೀವಲ್ಲ. ಇನ್ನೊಂದು, ಕಾರ್ಡ್ ಉಜ್ಜುವಾಗ ಮಷೀನು ‘ರೂಪಾಯಿಯಲ್ಲಿ ಕೊಡ್ತೀರಾ’ ಅಂದ್ರೆ ಬೇಡ ಅನ್ರಿ, ಆ ದರದಲ್ಲಿ ಅವರ ಪಾಲು ಸೇರಿರುತ್ತೆ.

ಬೂಮ್ರಾ ಭಕ್ತ (ಚಳ್ಳಕೆರೆ):
ಸೀಟಿನ ಮಾತು ಆಮೇಲೆ. ಬೂಮ್ರಾ ಆಡ್ತಾನಾ ಇಲ್ವಾ ಅಂತ ಗೊತ್ತಾಗದೆ ಟಿಕೆಟ್ ಹೇಗೆ ಕೊಳ್ಳೋದು? ಇಂಗ್ಲೆಂಡಲ್ಲಿ ಮೂರೇ ಟೆಸ್ಟ್ ಆಡ್ತಾನೆ ಅಂದ್ರು, ಯಾವ ಮೂರು ಅಂತ ಹೇಳಲಿಲ್ಲ. ಎಜ್‌ಬಾಸ್ಟನ್‌ಗೆ ದುಡ್ಡು ಸುರಿದೋರ ಗತಿ? ಆಸ್ಟ್ರೇಲಿಯಾದಲ್ಲಿ 32 ವಿಕೆಟ್ ತೆಗೆದೋನನ್ನ ನೋಡಕ್ಕಲ್ವಾ ಜನ ಹೋಗೋದು?

ಐದನೇ ದಿನ:
ನಿಮ್ಮ ಬೂಮ್ರಾ ಇಲ್ಲದ ಎರಡೂ ಟೆಸ್ಟ್ ನಾವೇ ಗೆದ್ದಿದ್ದು. ಎಜ್‌ಬಾಸ್ಟನ್ 336 ರನ್ನಿಂದ, ಗಿಲ್ 269 ಮತ್ತು 161, ಆಕಾಶ್ ದೀಪ್ 10 ವಿಕೆಟ್. ಓವಲ್‌ನಲ್ಲಿ ನಮ್ಮ ಪ್ರಸಿದ್ಧ್ 8, ಸಿರಾಜ್ 9.

ಬೂಮ್ರಾ ಭಕ್ತ:
ಹಂಗಾದ್ರೆ ಅವನಿಲ್ಲದಿದ್ರೇ ಒಳ್ಳೇದು ಅಂತೀರಾ? ಹೆಡಿಂಗ್ಲೆಯಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಐದು ವಿಕೆಟ್ ತೆಗೆದಾಗ ಕ್ಯಾಚ್ ಬಿಟ್ಟೋರು ಯಾರು? ಸುಮ್ನಿರಿ ಸಾರ್.

ಪಿಜೆ ಬಡಾವಣೆ (ದಾವಣಗೆರೆ):
ಎಲ್ಲರೂ ಬೂಮ್ರಾ, ಗಿಲ್. ನಮ್ಮೂರ ವಿನಯ್ ಕುಮಾರ್ ಪರ್ತ್‌ನಲ್ಲಿ 2012ರಲ್ಲಿ ಆಡಿದ್ದು ಯಾರಿಗೂ ನೆನಪಿಲ್ಲ. ಒಂದೇ ಟೆಸ್ಟ್, 73 ರನ್ ಕೊಟ್ಟು ಒಂದು ವಿಕೆಟ್. ಅದೇ ಇನಿಂಗ್ಸ್‌ನಲ್ಲಿ ವಾರ್ನರ್ 180 ಹೊಡೆದ. ಬೌನ್ಸ್ ಇರೋ ವಾಕಾದಲ್ಲಿ (ಪರ್ತ್‌ನ ಮೈದಾನ) ಸ್ವಿಂಗ್ ಬೌಲರ್‌ನ ಇಳಿಸಿ ಆಮೇಲೆ ಕೈ ಬಿಟ್ರು.

ದುರ್ಗದ ಒನಕೆ:
ಇನಿಂಗ್ಸ್ ಮತ್ತು 37 ರನ್ನಿಂದ ಸೋತ ಟೆಸ್ಟ್ ಅದು. ಊರಿನ ಅಭಿಮಾನ ಬೇರೆ, ಗಂಟೆಗೆ 130 ಕಿಲೋಮೀಟರ್ ದಾಟದೆ ಪರ್ತ್‌ನಲ್ಲಿ ವಿಕೆಟ್ ಸಿಗಲ್ಲ.

ಪಿಜೆ ಬಡಾವಣೆ:
ರಣಜಿ ಎರಡು ಸಲ ಸತತವಾಗಿ ಗೆಲ್ಲಿಸಿದ ಕ್ಯಾಪ್ಟನ್ ಬಗ್ಗೆ ದುರ್ಗದೋರು ಇಷ್ಟೇ ಹೇಳೋದು. ನಿಮ್ಮೂರಿಂದ ಯಾರು ಆಡಿದಾರೆ ಸ್ವಾಮಿ?

ಮನೆ ಗ್ಯಾಲರಿ (ಹೊಳಲ್ಕೆರೆ):
ಜಗಳ ಆಮೇಲೆ ಮಾಡ್ರಿ. ಮನೇಲೇ ನೋಡಿದ್ರೆ ಖರ್ಚು ಎರಡು ಸಾವಿರದೊಳಗೆ. ಇಂಗ್ಲೆಂಡ್ ಮಧ್ಯಾಹ್ನ 3:30ಕ್ಕೆ ಶುರು, ಮೆಲ್ಬರ್ನ್ ಸಿಡ್ನಿ ಬೆಳಗ್ಗೆ 5ಕ್ಕೆ, ಪರ್ತ್ 7:50, ನ್ಯೂಜಿಲೆಂಡ್ ಬೆಳಗಿನ ಜಾವ ಮೂರೂವರೆ ನಾಲ್ಕಕ್ಕೆ. ಕರೆಂಟ್ ಹೋದ್ರೆ ಟಿವಿಗೆ ಇನ್ವರ್ಟರ್ ಇದ್ದೇ ಇರುತ್ತೆ, ಫೈಬರ್ ಮೋಡೆಮ್ ಮಾತ್ರ ಸತ್ತಿರುತ್ತೆ. ಅದಕ್ಕೆ 12 ವೋಲ್ಟ್ 2 ಆಂಪಿಯರ್‌ನ ಸಣ್ಣ ಯುಪಿಎಸ್ ಬರುತ್ತೆ. ಮೋಡೆಮ್ ಹಿಂದೆ ಬರೆದಿರೋ ವೋಲ್ಟ್ ನೋಡಿ ತಗೊಳ್ರಿ, 9 ವೋಲ್ಟ್‌ದು ಹಾಕಿದ್ರೆ ಆನ್ ಆಗಿ ಆಫ್ ಆಗ್ತಿರುತ್ತೆ. ಆ್ಯಪ್ ಕೇಬಲ್‌ಗಿಂತ ಹಿಂದೆ ಓಡುತ್ತೆ. ಪಕ್ಕದ ಮನೆಯೋರು ಕೂಗಿದ್ರೆ ವಿಕೆಟ್ ಬಿತ್ತು ಅಂತ ಅರ್ಥ.

ವಿದ್ಯಾನಗರ ವಾಲ್:
ಎಲ್ಲರಿಗೂ ಶರಣು. ಇಂಗ್ಲೆಂಡ್, ಆಸ್ಟ್ರೇಲಿಯಾ ಸದ್ಯಕ್ಕೆ ಇಲ್ಲ ಅಲ್ವಾ? ನಾನು ಕೇಳಿದ್ದು ಶ್ರೀಲಂಕಾ, ನ್ಯೂಜಿಲೆಂಡ್.

ಸೈಡ್‌ಸ್ಕ್ರೀನ್:
ನಿಮ್ಮ ಮೂರು ಲಕ್ಷದಲ್ಲಿ ಇಬ್ಬರಿಗೆ ನ್ಯೂಜಿಲೆಂಡ್ ಆಗಲ್ಲ. ವೀಸಾ ಜೊತೆ ಪ್ರವಾಸಿ ತೆರಿಗೆಯೇ ತಲಾ 100 ನ್ಯೂಜಿಲೆಂಡ್ ಡಾಲರ್. ಸಿಡ್ನಿ ಮೇಲೆ ಹೋದ್ರೆ ಆಸ್ಟ್ರೇಲಿಯಾದ ಟ್ರಾನ್ಸಿಟ್ ವೀಸಾ ಬೇರೆ ಬೇಕು, ಸಿಂಗಪುರದ ಮೇಲೆ ಹೋದ್ರೆ ಆ ತಾಪತ್ರಯ ಇಲ್ಲ. ವೆಲ್ಲಿಂಗ್ಟನ್‌ನ ಬೇಸಿನ್ ರಿಸರ್ವ್, ಕ್ರೈಸ್ಟ್‌ಚರ್ಚ್‌ನ ಹ್ಯಾಗ್ಲಿ ಓವಲ್ ಎರಡೂ ಮೈದಾನದಲ್ಲಿ ಬಹಳ ಜನ ಕೂರೋದು ಹುಲ್ಲಿನ ದಿಬ್ಬದ ಮೇಲೆ. 64 ವರ್ಷದೋರಿಗೆ ದಿನಕ್ಕೆ ಏಳು ಗಂಟೆ ಹುಲ್ಲಿನ ಮೇಲೆ, ಚಳಿಗಾಳಿಯಲ್ಲಿ ಕಷ್ಟ. 2020ರಲ್ಲಿ ಕ್ರೈಸ್ಟ್‌ಚರ್ಚ್ ಮೂರೇ ದಿನಕ್ಕೆ ಮುಗೀತು. ಶ್ರೀಲಂಕಾ ಆದ್ರೆ ಬೆಂಗಳೂರಿಂದ ಒಂದೂವರೆ ಗಂಟೆ ವಿಮಾನ. ಗಾಲೆಯಲ್ಲಿ ಟೆಸ್ಟ್ ಸಿಕ್ಕಿದ್ರೆ ಕೊಲಂಬೊ ಫೋರ್ಟ್‌ನಿಂದ ರೈಲು ಹತ್ತಿ ಬಲಗಡೆ ಕೂರ್ರಿ, ಸಮುದ್ರ ಆ ಕಡೆಗೇ. ಕೋಟೆ ಗೋಡೆ ಮೇಲಿಂದ ಪುಕ್ಕಟೆ ಕಾಣುತ್ತೆ, ಆದ್ರೆ ನೆರಳಿಲ್ಲ, ಕೆಲವು ಸಲ ನಿಲ್ಲಕ್ಕೂ ಬಿಡಲ್ಲ, ಅದನ್ನೇ ನಂಬ್ಕಂಡು ಹೋಗ್ಬೇಡಿ. ದಾವಣಗೆರೆಯಿಂದ ಕಾರಲ್ಲಿ ಏರ್‌ಪೋರ್ಟಿಗೆ ಹೋಗೋರು ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಹಿಡೀರಿ. ನೆಲಮಂಗಲ, ಹೆಬ್ಬಾಳಕ್ಕೆ ಸಿಕ್ಕಿಬಿದ್ರೆ ವಿಮಾನ ಹೋಗಿರುತ್ತೆ.

ದುರ್ಗದ ಒನಕೆ:
ಗಾಲೆನಾ? 2015ರಲ್ಲಿ ನಾವು 176 ಬೆನ್ನತ್ತಿ 112ಕ್ಕೆ ಆಲೌಟ್ ಆದ ಜಾಗ. ಅವರ ಸ್ಪಿನ್ನರ್ ಹೆರಾತ್ 48 ರನ್ನಿಗೆ 7 ವಿಕೆಟ್. ನಾಲ್ಕೇ ದಿನ.

ಐದನೇ ದಿನ:
ಆ ಸರಣಿ 2-1ರಲ್ಲಿ ಗೆದ್ದಿದ್ದು ಹೇಳಲ್ವಾ? ವಾಲ್ ಅವರೇ, ಗಾಲೆಗೇ ಹೋಗ್ರಿ, ಐದನೇ ದಿನದ್ದೂ ತಗೊಂಡಿರ್ರಿ.

ದುರ್ಗದ ಒನಕೆ:
ತಗೊಳ್ಬೇಡಿ.

ಅಡಿಕೆ ತೋಟ:
ಪಾಸ್‌ಪೋರ್ಟ್ ಅವಧಿ ಆರು ತಿಂಗಳಾದ್ರೂ ಉಳಿದಿದೆಯಾ ಅಂತ ಮೊದಲು ನೋಡ್ರಿ ಇಬ್ಬರದೂ.