ಅಪ್‌ಡೇಟ್: 59.5 ಅಲ್ಲ, 58.5. ತಪ್ಪು ಎಲ್ಲಿತ್ತು ಅಂತ ಸಿಕ್ಕಿತು

ಹೋದ ವಾರ ಕೇಳಿದ್ದೆ: ನಿಂತಿರುವ ಯುರೇನಿಯಂ-238 ಪರಮಾಣು ಒಡೆದು ಥೋರಿಯಂ-234 ಮತ್ತು ಆಲ್ಫಾ ಕಣ (ಹೀಲಿಯಂ-4ರ ನ್ಯೂಕ್ಲಿಯಸ್) ಆದರೆ (ಈ ಸಂಖ್ಯೆಗಳೇ ಸುಮಾರಾಗಿ ಅವುಗಳ ದ್ರವ್ಯರಾಶಿ), ಆಲ್ಫಾದ ವೇಗ ಥೋರಿಯಂಗಿಂತ ಎಷ್ಟು ಪಟ್ಟು? ನನಗೆ 59.5 ಬರುತ್ತಿತ್ತು, ಪುಸ್ತಕದ ಹಿಂದೆ 58.5 ಇತ್ತು.

ತಪ್ಪು ನನ್ನದೇ. 238ನ್ನು 4ರಿಂದ ಭಾಗಿಸಿದ್ದೆ. ಒಡೆದ ಮೇಲೆ 238 ಎಲ್ಲಿರುತ್ತದೆ ಹೇಳಿ! ಹಿಂದೆ ಸರಿಯುವುದು 234 ಮಾತ್ರ.

ಇದು ತಲೆಗೆ ಹೋಗಿದ್ದು ಕಾರವಾರದ ಬೈತಖೋಲ್ ಬಂದರಿನಲ್ಲಿ. ಮಾವನ ಪಾತಿ ದೋಣಿಯಿಂದ ಧಕ್ಕೆಗೆ ಹಾರಿದೆ. ದೋಣಿ ಹಿಂದಕ್ಕೆ ಜಾರಿತು, ಒಂದು ಕಾಲು ನೀರಿಗೆ. ಮಾವ ನಕ್ಕು, "ಹಗ್ಗ ಕಟ್ಟೋ ಮೊದಲೇ ಹಾರ್ತಾರೇನೋ?" ಎಂದರು. ಹಿಂದೆ ಹೋಗಿದ್ದು ನಾನಿಲ್ಲದ ದೋಣಿ, ಅಲ್ವಾ? ಅಲ್ಲೇ ಹೊಳೆಯಿತು.

ಮೊದಲು ಒಟ್ಟು ಸಂವೇಗ (ದ್ರವ್ಯರಾಶಿ × ವೇಗ) ಸೊನ್ನೆ, ಆಮೇಲೂ ಸೊನ್ನೆ. ಹಾಗಾಗಿ 4 × ಆಲ್ಫಾದ ವೇಗ = 234 × ಥೋರಿಯಂನ ವೇಗ. ದಿಕ್ಕು ಮಾತ್ರ ಎದುರುಬದುರು.

ಸುಮ್ನೆ ಕುತೂಹಲಕ್ಕೆ ವೇಗವನ್ನೂ ಲೆಕ್ಕ ಹಾಕಿದೆ. ಆಲ್ಫಾದ ಚಲನಶಕ್ತಿ ಸುಮಾರು 4.2 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ). ಅಂದರೆ ಸೆಕೆಂಡಿಗೆ ಸುಮಾರು 14,200 ಕಿಲೋಮೀಟರ್. ಥೋರಿಯಂ ಸುಮಾರು 243. ಸಂವೇಗ ಸಮ, ಆದರೆ ಚಲನಶಕ್ತಿಯಲ್ಲಿ ಶೇ. 98ಕ್ಕಿಂತ ಜಾಸ್ತಿ ಆಲ್ಫಾದ್ದೇ. ನಾನು ಅದೂ ಅರ್ಧರ್ಧ ಅಂದುಕೊಂಡಿದ್ದೆ.

ನ್ಯೂಕ್ಲಿಯಸ್‌ನಿಂದ ಎಲೆಕ್ಟ್ರಾನ್ ಹೊರಬರುವ ಬೀಟಾ ಕ್ಷಯಕ್ಕೆ ಇದೇ ಭಾಗಾಕಾರ ಹಾಕಬೇಡಿ. ಅಲ್ಲಿ ಆಂಟಿನ್ಯೂಟ್ರಿನೋ ಅನ್ನುವ ಮೂರನೆಯ ಕಣವೂ ಸಂವೇಗದಲ್ಲಿ ಪಾಲು ಕೇಳುತ್ತದೆ.

ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಚಪ್ಪಲಿ ಇನ್ನೂ ಒಣಗಿಲ್ಲ.