ಕಬ್ಬಿಣಕ್ಕೆ ‘ದಣಿವು’ ಅನ್ನಬಹುದಾ?

ಗೆಳೆಯರೇ,

ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕು. ಭಾರ ಪದೇ ಪದೇ ಬಿದ್ದು ಲೋಹದಲ್ಲಿ ಬಿರುಕು ಬೆಳೆದು ಮುರಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಫೆಟೀಗ್’ ಅನ್ನುತ್ತಾರೆ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು? ಹಿನ್ನೆಲೆ ಹೇಳದೆ ಬರೀ ಪದ ಕೇಳಿದರೆ ನಿಘಂಟಿನ ಉತ್ತರವೇ ಬರುತ್ತದೆ. ಅದು ನನ್ನ ಹತ್ತಿರವೂ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮುರಿದ ಭಾಗಗಳನ್ನು ನೋಡುವುದು ನನ್ನ ಕೆಲಸ. ಶಾಫ್ಟು, ಬೋಲ್ಟು, ಗೇರಿನ ಹಲ್ಲು, ಲಾರಿಯ ಸ್ಪ್ರಿಂಗ್ ಪ್ಲೇಟು, ಹೀಗೆ. ಓಡುತ್ತಿದ್ದ ಯಂತ್ರದಲ್ಲಿ ಏನಾದರೂ ತುಂಡಾದರೆ ನಮ್ಮ ಹತ್ತಿರ ತರುತ್ತಾರೆ. ಯಾಕೆ ತುಂಡಾಯಿತು ಅಂತ ಹುಡುಕಿ ವರದಿ ಕೊಡುತ್ತೇವೆ. ವರದಿ ಯಾವಾಗಲೂ ಇಂಗ್ಲಿಷಿನಲ್ಲೇ ಇರುತ್ತದೆ. ಹೋದ ವರ್ಷ ಮಂಡ್ಯದ ಕಡೆಯ ಆಲೆಮನೆಯವರೊಬ್ಬರು ಗಾಣದ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದರು. “ಕನ್ನಡದಲ್ಲೇ ಬರ್ಕೊಡಿ ಸಾರ್, ಊರಲ್ಲಿ ಎಲ್ರೂ ಓದ್ಬೇಕು” ಅಂದರು. ಖುಷಿಯಿಂದ ಒಪ್ಪಿಕೊಂಡೆ. ‘ಫೆಟೀಗ್’ ಅನ್ನುವುದಕ್ಕೆ ನಿಘಂಟಿನಲ್ಲಿ ದಣಿವು, ಆಯಾಸ, ಬಳಲಿಕೆ ಅಂತ ಇತ್ತು. ನಾನು “ಲೋಹದ ದಣಿವಿನಿಂದ ಶಾಫ್ಟು ಮುರಿದಿದೆ” ಅಂತ ಬರೆದೆ.

ಅವರು ಓದಿ ತಲೆ ಎತ್ತಿದರು. “ದಣಿವಾ? ಗಾಣ ನಾಲ್ಕು ತಿಂಗಳು ನಿಂತೇ ಇತ್ತಲ್ಲ ಸಾರ್. ಮತ್ತೆ ಶುರು ಮಾಡಿ ಎಂಟು ದಿನ ಆಗಿರ್ಲಿಲ್ಲ, ಮುರೀತು.”

ನನಗೆ ಉತ್ತರ ಹೊಳೆಯಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪೇ ಇಲ್ಲ. ಕನ್ನಡದಲ್ಲಿ ದಣಿವು ಅಂದರೆ ಆರುವಂಥದ್ದು. ‘ದಣಿವಾರಿಸಿಕೊಳ್ಳುವುದು’ ಅನ್ನುವ ಪದವೇ ಇದೆ. ಮರದ ನೆರಳಿನಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿದರೆ ದಣಿವು ಹೋಗುತ್ತದೆ. ಆಯಾಸವೂ ಹಾಗೇ, ಸುಸ್ತೂ ಹಾಗೇ. ನಾಲ್ಕು ತಿಂಗಳು ಸುಮ್ನೆ ನಿಂತ ಗಾಣ ದಣಿಯುವುದು ಹೇಗೆ?

ಲೋಹಕ್ಕೆ ಆಗುವುದು ಆರುವ ಸಂಗತಿ ಅಲ್ಲ. ಕಟ್ಟಡದವರು ಕಂಬಿ ಕಟ್ಟುವ ಬೈಂಡಿಂಗ್ ವೈರನ್ನು ಐದು ಸಲ ಆ ಕಡೆ ಈ ಕಡೆ ಬಗ್ಗಿಸಿ. ಮುರಿಯುವುದಕ್ಕೆ ಮುಂಚೆ ನಿಲ್ಲಿಸಿ, ಒಂದು ವಾರ ಬಿಟ್ಟು ಬನ್ನಿ. ಈಗ ಬಗ್ಗಿಸಿದರೆ ಅದು ಆರನೇ ಸಲ. ಮತ್ತೆ ಮೊದಲನೇ ಸಲ ಆಗುವುದಿಲ್ಲ. ತಂತಿ ಲೆಕ್ಕವನ್ನು ಮರೆಯುವುದಿಲ್ಲ. ನನಗೆ ಬೇಕಾಗಿರುವುದು ಈ ‘ಲೆಕ್ಕ ಮರೆಯದ’ ಗುಣವನ್ನು ಹೇಳುವ ಪದ.

ಆ ಶಾಫ್ಟಿನ ಮುರಿದ ಮುಖ ಹೇಗಿತ್ತು ಅಂತ ಹೇಳುತ್ತೇನೆ, ಆಗ ಪದ ಹುಡುಕುವುದು ಸುಲಭ. ಗೇರ್ ಕೂರಿಸಲು ಕೀ ಹೊಡೆಯುತ್ತಾರಲ್ಲ, ಅದಕ್ಕಾಗಿ ಶಾಫ್ಟಿನಲ್ಲಿ ಕೊರೆದ ಗಾಡಿಯೇ ಕೀವೇ. ಅದರ ಒಂದು ಮೂಲೆಯಿಂದ ಬಿರುಕು ಶುರುವಾಗಿತ್ತು. ಮೂಲೆ ಚೂಪಾಗಿತ್ತು, ಒಂದಿಷ್ಟೂ ದುಂಡು ಮಾಡಿರಲಿಲ್ಲ. ಅಲ್ಲಿಂದ ಒಳಗೆ ಮುಕ್ಕಾಲು ಭಾಗ ನುಣ್ಣಗಿತ್ತು. ಅದರ ಮೇಲೆ ಒಂದರ ಹಿಂದೆ ಒಂದು ಬಾಗಿದ ಗೆರೆಗಳು. ಮೂಲೆಯ ಹತ್ತಿರ ತುಕ್ಕಿನ ಕಂದು ಬಣ್ಣ, ದೂರ ಹೋದಂತೆ ಬೂದು. ಕೊನೆಯ ಕಾಲು ಭಾಗ ಮಾತ್ರ ಕಲ್ಲುಸಕ್ಕರೆ ಒಡೆದ ಹಾಗೆ ತರಿತರಿಯಾಗಿ ಹೊಳೆಯುತ್ತಿತ್ತು. ಆ ಕಾಲು ಭಾಗ ಮುರಿದದ್ದು ಒಂದೇ ಕ್ಷಣದಲ್ಲಿ. ಮುಕ್ಕಾಲು ಭಾಗ ಅದಕ್ಕೆ ಎಷ್ಟೋ ಮುಂಚಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾ ಬಂದಿತ್ತು. ಗಾಣ ನಿಂತಿದ್ದ ನಾಲ್ಕು ತಿಂಗಳು ಬಿರುಕು ಬೆಳೆಯಲಿಲ್ಲ ನಿಜ. ಆದರೆ ಕೂಡಿಕೊಳ್ಳಲೂ ಇಲ್ಲ. ತುಕ್ಕು ಹಿಡಿಯಿತು ಅಷ್ಟೇ.

ಗಾಣ ನಿಮಿಷಕ್ಕೆ 12 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ದಿನಕ್ಕೆ 10 ಗಂಟೆ ಓಡಿದರೆ 7,200 ಸುತ್ತು. 180 ದಿನಕ್ಕೆ ಸುಮಾರು 13 ಲಕ್ಷ. ಒಂದೊಂದು ಸುತ್ತಿಗೂ ಆ ಮೂಲೆ ಒಂದು ಸಲ ಎಳೆತಕ್ಕೆ ಸಿಕ್ಕುತ್ತದೆ, ಒಂದು ಸಲ ಅದುಮಿಸಿಕೊಳ್ಳುತ್ತದೆ. ಒಂದು ಸಲದ ಎಳೆತಕ್ಕೆ ಶಾಫ್ಟಿಗೆ ಏನೂ ಆಗುವುದಿಲ್ಲ. ಲಕ್ಷ ಸಲ ಆದಾಗ ಆಗುತ್ತದೆ.

ಇಂಗ್ಲಿಷಿನವರೂ ಈ ಪದವನ್ನು ಮನುಷ್ಯನ ಸುಸ್ತಿನಿಂದಲೇ ತೆಗೆದುಕೊಂಡರು. ಫ್ರೆಡರಿಕ್ ಬ್ರೈತ್‌ವೈಟ್ ಅನ್ನುವ ಎಂಜಿನಿಯರು 1854ರಲ್ಲಿ ಲಂಡನ್ನಿನಲ್ಲಿ ಮಂಡಿಸಿದ ಪ್ರಬಂಧದ ಹೆಸರಿನಲ್ಲೇ ಅದಿದೆ. ಅವರಿಗೂ ಪದಗಳು ಮೊದಲು ದಾರಿ ತಪ್ಪಿಸಿದ್ದವು. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು, ಅಂದರೆ ಗಾಲಿಗಳ ಆಕ್ಸಲ್, ಮುರಿಯಿತು. ಬೋಗಿಗಳು ಒಂದರ ಮೇಲೊಂದು ಹತ್ತಿ ಬೆಂಕಿ ಹತ್ತಿಕೊಂಡಿತು. ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದರು. 50ಕ್ಕೂ ಜಾಸ್ತಿ ಜನ ಸತ್ತರು. ಇಂಥ ಅಚ್ಚುಗಳ ಮುರಿದ ಮುಖದಲ್ಲಿ ಹರಳು ಹರಳಾಗಿ ಕಾಣುತ್ತಿತ್ತಲ್ಲ, ಅದನ್ನು ನೋಡಿ ಆ ಕಾಲದವರು “ಕುಲುಕಿ ಕುಲುಕಿ ಕಬ್ಬಿಣ ಹರಳುಗಟ್ಟಿದೆ” ಅಂತ ನಂಬಿದರು. ಕಬ್ಬಿಣ ಮೊದಲಿನಿಂದಲೂ ಹರಳುಗಳದ್ದೇ. ಹೊಸದಾಗಿ ಏನೂ ಕಟ್ಟಿರಲಿಲ್ಲ. ಮರುವರ್ಷವೇ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್, ಅಚ್ಚಿನ ಗಾತ್ರ ಥಟ್ಟನೆ ಬದಲಾಗುವ ಮೂಲೆಯಿಂದ ಬಿರುಕು ನಿಧಾನವಾಗಿ ಒಳಗೆ ಹೋಗುತ್ತದೆ ಅಂತ ತೋರಿಸಿದರು. ಆದರೂ ‘ಹರಳುಗಟ್ಟಿದೆ’ ಅನ್ನುವ ಮಾತು ಆಮೇಲೆ ಎಷ್ಟೋ ಕಾಲ ಹೋಗಲಿಲ್ಲ. ತಪ್ಪು ಪದ ಒಂದು ಸಲ ಕೂತರೆ ಎಬ್ಬಿಸುವುದು ಕಷ್ಟ. ಕನ್ನಡದಲ್ಲಿ ಈಗಲೇ ಸರಿಯಾದದ್ದನ್ನು ಆರಿಸೋಣ ಅನ್ನುವುದು ನನ್ನ ಆಸೆ.

ನನಗೆ ತೋಚಿದ ಪದಗಳನ್ನು ಹೇಳುತ್ತೇನೆ.

‘ನಲುಗು’. ಮುಟ್ಟಿ ಮುಟ್ಟಿ ಹೂ ನಲುಗುತ್ತದೆ. ಪದೇ ಪದೇ ಆದದ್ದರಿಂದ ಅನ್ನುವ ಅರ್ಥ ಇದೆ, ವಾಪಸು ಸರಿಹೋಗುವುದಿಲ್ಲ ಅನ್ನುವುದೂ ಇದೆ. ಆದರೆ ನಲುಗಿದ್ದು ಕಣ್ಣಿಗೆ ಕಾಣುತ್ತದೆ. ಶಾಫ್ಟು ಮುರಿಯುವ ಹಿಂದಿನ ದಿನವೂ ಹೊರಗಿನಿಂದ ಹೊಸದರ ಹಾಗೇ ಇರುತ್ತದೆ.

‘ಸೋಲು’. “ನಡೆದು ನಡೆದು ಕಾಲು ಸೋತವು” ಅಂತೀವಲ್ಲ, ಆ ಸೋಲು. ದಣಿವಿಗಿಂತ ಒಂದು ತೂಕ ಜಾಸ್ತಿ. ‘ಸೋತ ಕಬ್ಬಿಣ’ ಅಂದರೆ ಕಿವಿಗೆ ಚೆನ್ನಾಗಿದೆ. ಆದರೆ ಸೋತ ಕಾಲೂ ಬೆಳಿಗ್ಗೆಗೆ ಸರಿಹೋಗುತ್ತದೆ.

ಮೂರನೆಯದು ನನಗೆ ಅಂಗಡಿಯಲ್ಲಿ ಹೊಳೆದದ್ದು. ಪಾತ್ರೆ ಅಂಗಡಿಯವರು “ತಾಳಿಕೆ ಬಾಳಿಕೆ ಬರುತ್ತೆ, ತಗೊಳ್ಳಿ” ಅಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಅವು ಎರಡು ಬೇರೆ ಸಂಗತಿ. ತಾಳಿಕೆ ಅಂದರೆ ಎಷ್ಟು ಭಾರ ತಡೆಯುತ್ತದೆ ಅನ್ನುವುದು. ಬಾಳಿಕೆ ಅಂದರೆ ಎಷ್ಟು ದಿನ, ಎಷ್ಟು ಸಲ ತಡೆಯುತ್ತದೆ ಅನ್ನುವುದು. ಆ ಶಾಫ್ಟಿಗೆ ತಾಳಿಕೆ ಇತ್ತು, ಬಾಳಿಕೆ ಮುಗಿದಿತ್ತು. ಜರ್ಮನಿಯ ಎಂಜಿನಿಯರ್ ವೋಲರ್ ರೈಲಿನ ಅಚ್ಚುಗಳನ್ನು ವರ್ಷಗಟ್ಟಲೆ ತಿರುಗಿಸಿ ನೋಡಿ 1870ರ ಹೊತ್ತಿಗೆ ಹೇಳಿದ್ದೂ ಇದನ್ನೇ. ಒಂದೇ ಸಲಕ್ಕೆ ಮುರಿಯಲು ಬೇಕಾದ ಭಾರಕ್ಕಿಂತ ಎಷ್ಟೋ ಕಡಿಮೆ ಭಾರ ಸಾಕು, ಅದನ್ನು ತುಂಬಾ ಸಲ ಹಾಕಿ ತೆಗೆದರೆ ಅಚ್ಚು ಮುರಿಯುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿನ ಭಾರವಾದರೆ ಕಬ್ಬಿಣ ಎಷ್ಟು ಸಲವಾದರೂ ತಡೆಯುತ್ತದೆ.

ಅಲ್ಯೂಮಿನಿಯಂಗೆ ಅಂಥ ಖಚಿತವಾದ ಮಟ್ಟ ಇಲ್ಲ. ಅಲ್ಯೂಮಿನಿಯಂ ಒಡಲಿನ ಕಾಮೆಟ್ ಪ್ರಯಾಣಿಕ ವಿಮಾನಗಳ ಕತೆ ನಿಮಗೆ ಗೊತ್ತಿರಬಹುದು. 1954ರ ಜನವರಿ 10ರಂದು ಒಂದು ಎಲ್ಬಾ ದ್ವೀಪದ ಹತ್ತಿರ, ಏಪ್ರಿಲ್ 8ರಂದು ಇನ್ನೊಂದು ನೇಪಲ್ಸ್ ಹತ್ತಿರ ಆಕಾಶದಲ್ಲೇ ಚೂರಾದವು. ಕಾರಣ ಹುಡುಕಲು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಮತ್ತೊಂದು ಕಾಮೆಟ್ಟಿನ ಒಡಲನ್ನು ನೀರಿನ ತೊಟ್ಟಿಯಲ್ಲಿ ಇಳಿಸಿದರು. ಒಳಗೆ ನೀರು ತುಂಬಿ ಒತ್ತಡ ಏರಿಸುವುದು, ಇಳಿಸುವುದು. ಒಂದು ಏರಿಳಿತ ಅಂದರೆ ಒಂದು ಹಾರಾಟ. ಮೊದಲು ನಿಜವಾಗಿ ಹಾರಿದ್ದನ್ನೂ ಸೇರಿಸಿ 3,057ನೇ ಸಲಕ್ಕೆ ಒಡಲು ಸೀಳಿತು. ಅಲ್ಲೂ ಒಂದು ಕಿಂಡಿಯ ಮೂಲೆಯಿಂದಲೇ. ವಿಮಾನದ ಗೋಡೆಗೆ ತಾಳಿಕೆ ಸಾಕಷ್ಟಿತ್ತು. ಲೆಕ್ಕ ತಪ್ಪಿದ್ದು ಬಾಳಿಕೆಯಲ್ಲಿ.

ಹಾಗಾದರೆ ‘ಬಾಳಿಕೆ ಮುಗಿತ’ ಅನ್ನೋಣವೇ? ಅದರಲ್ಲೂ ಒಂದು ಕೊರತೆ ಇದೆ. ಸವೆದ ಬೇರಿಂಗಿಗೂ ತುಕ್ಕು ತಿಂದ ಪೈಪಿಗೂ ಬಾಳಿಕೆ ಮುಗಿಯುತ್ತದೆ. ಬಿರುಕು ಅನ್ನುವುದು ಪದದೊಳಗೇ ಬರಬೇಕು ಅಂತ ನನಗನ್ನಿಸುತ್ತದೆ.

ಎರಡನೇ ಪ್ರಶ್ನೆ ಕ್ರಿಯಾಪದದ್ದು. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಫ್ರ್ಯಾಕ್ಚರ್ ಅಂತ ಒಂದೇ ಪದ ಬರೆದು ಮುಗಿಸುತ್ತೇವೆ. ಕನ್ನಡ ಹಾಗೆ ಬಿಡುವುದಿಲ್ಲ. ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಬಟ್ಟೆ ಹರಿಯುತ್ತದೆ, ಸೌದೆ ಸೀಳುತ್ತದೆ, ನೆಲ ಬಿರಿಯುತ್ತದೆ. ಅದಲು ಬದಲು ಮಾಡಿದರೆ ಮಗುವೂ ನಗುತ್ತದೆ. ಈ ಸಂಪತ್ತನ್ನು ನಾವು ವರದಿಯಲ್ಲಿ ಯಾಕೆ ಬಳಸಬಾರದು? ಬೀಡು ಕಬ್ಬಿಣ ಬಾಗದೆ ತುಂಡಾಗುತ್ತದೆ, ಅದಕ್ಕೆ ‘ಒಡೆ’. ಮೆತ್ತನೆಯ ಉಕ್ಕು ಎಳೆದಾಗ ನಡುವೆ ಸಣ್ಣಗಾಗಿ ಕಿತ್ತುಬರುತ್ತದೆ, ಅದಕ್ಕೆ ‘ಹರಿ’. ಹಾಗೆ ಬರೆದರೆ ಓದಿದವರಿಗೆ ಅರ್ಧ ಕಾರಣ ಅಲ್ಲೇ ಗೊತ್ತಾಗುತ್ತದೆ. ಗ್ಯಾರೇಜಿನಲ್ಲಿ ಎಲ್ಲಕ್ಕೂ “ಕಟ್ಟಾಯ್ತು” ಅನ್ನುತ್ತಾರೆ. ಸ್ಪ್ರಿಂಗ್ ಪ್ಲೇಟು ಕಟ್ಟಾಗುವುದಕ್ಕೂ, ಮುರಿಯದೆ ಬಾಗು ಕಳೆದುಕೊಂಡು ಕೂರುವುದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಅವರು ಯಾವತ್ತೂ ಕಲಸುವುದಿಲ್ಲ.

ಇದರ ಜೊತೆಗೇ ಬರುವುದು ಗಡಸು ಮತ್ತು ಪೆಡಸು. ಗಡಸು ಅಂದರೆ ಗೀರಿದರೂ ಗೀರಾಗದ್ದು, ಪೆಡಸು ಅಂದರೆ ಬಗ್ಗದೆ ಒಡೆಯುವಂಥದ್ದು ಅಂತ ಬೇರೆ ಬೇರೆ ಇಟ್ಟುಕೊಳ್ಳೋಣ ಅಂತಿದ್ದೇನೆ. 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಸ್ಕೆನೆಕ್ಟಡಿ ಅನ್ನುವ ಹೊಸ ಟ್ಯಾಂಕರ್ ಹಡಗು ಅಲೆಯಿಲ್ಲದ ನೀರಿನಲ್ಲಿ ಕಟ್ಟಿ ನಿಲ್ಲಿಸಿದ್ದ ಹಾಗೇ ನಡುವಿಗೆ ಒಡೆಯಿತು. ಚಳಿಗೆ ಆ ಉಕ್ಕು ಪೆಡಸಾಗಿತ್ತು, ಗಡಸಾಗಿರಲಿಲ್ಲ. ಎರಡಕ್ಕೂ ‘ಗಟ್ಟಿ’ ಅಂತ ಬರೆದರೆ ಇದನ್ನು ಹೇಳಲು ಆಗುವುದಿಲ್ಲ. ಕಮ್ಮಾರಿಕೆ ಬಲ್ಲ ಮನೆಯವರು ಯಾರಾದರೂ ಇದ್ದರೆ, ಹದ ಜಾಸ್ತಿಯಾಗಿ ಕುಡಗೋಲಿನ ಬಾಯಿ ಚಟ್ಟನೆ ಹಾರಿದಾಗ ನಿಮ್ಮಲ್ಲಿ ಏನನ್ನುತ್ತಾರೆ ಅಂತ ದಯವಿಟ್ಟು ಬರೆಯಿರಿ.

ಮುರಿದ ಮುಖದ ಮೇಲಿನ ಆ ಬಾಗಿದ ಗೆರೆಗಳಿಗೆ ಇಂಗ್ಲಿಷಿನಲ್ಲಿ ಕಡಲ ತೀರದ ಹೆಸರಿದೆ. ನನಗೆ ನೆನಪಾಗುವುದು ನಮ್ಮೂರ ಕೆರೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಂಡೆಯ ಮೇಲೆ ಒಂದೊಂದೇ ಗೆರೆ ಉಳಿಯುತ್ತದಲ್ಲ, ನೀರು ಎಲ್ಲೆಲ್ಲಿ ನಿಂತು ಹೋಯಿತು ಅಂತ ಹೇಳುತ್ತದೆ. ‘ದಂಡೆಗೆರೆ’ ಅಂತ ಬರೆದಿದ್ದೇನೆ. ಒಪ್ಪುತ್ತದಾ?

ವರದಿಯನ್ನು ತಿದ್ದಿದ್ದೇನೆ. ಆ ಸಾಲು ಈಗ ಹೀಗಿದೆ: “ಕೀವೇಯ ಚೂಪು ಮೂಲೆಯಲ್ಲಿ ಹುಟ್ಟಿದ ಬಿರುಕು ಲಕ್ಷಾಂತರ ಸುತ್ತುಗಳಲ್ಲಿ ನಿಧಾನವಾಗಿ ಬೆಳೆದು, ಉಳಿದ ಕಾಲು ಭಾಗಕ್ಕೆ ಭಾರ ತಾಳಲಾಗದೆ ಶಾಫ್ಟು ಮುರಿದಿದೆ.” ಕೆಳಗೆ, ಮುಂದಿನ ಸಲ ತುಂಡುಗಳನ್ನು ಕೂಡಿಸಿ ನೋಡಬೇಡಿ, ಬ್ರಷ್ಷಿನಿಂದ ಉಜ್ಜಬೇಡಿ, ಗೆರೆಗಳು ಅಳಿಸಿಹೋಗುತ್ತವೆ ಅಂತಲೂ ಸೇರಿಸಿದ್ದೇನೆ. ಆಲೆಮನೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. “ಈಗ ಗೊತ್ತಾಯ್ತು ಬಿಡಿ. ಸಲ ಸಲಕ್ಕೂ ಒಳಗೇ ಬಿಡ್ತಾ ಬಂದಿದೆ” ಅಂದರು.

‘ಸಲಬಿರುಕು’ ಅಂದರೆ ಹೇಗೆ?