ಮಡಿಕೇರಿಗೆ ಬರೋ ಗ್ರೂಪ್‌ಗೆ ದುಡಿ, ವಾಲಗ ಹೇಗೆ ತೋರ್ಸೋದು?

ಮಂಜುಮಳೆ: ಆಫೀಸಿನ 20 ಜನ ಬೆಂಗಳೂರಿಂದ ಬರ್ತಿದಾರೆ. ರಾಜಾಸೀಟಲ್ಲಿ ಫೋಟೋ ಹೊಡ್ಕೊಂಡು ವಾಪಸ್ ಹೋಗೋದು ಬೇಡ, ನಮ್ಮೂರಿನ ಹಾಡು ಕೇಳಿಸ್ಬೇಕು ಅಂತ ಆಸೆ. ಹೋದ್ಸಲ ಒಂದು ರೆಸಾರ್ಟಲ್ಲಿ ಬೆಂಕಿ ಹಾಕಿ ಸ್ಪೀಕರಲ್ಲಿ ವಾಲಗ ಬಿಟ್ರು, ಅರ್ಧ ಜನ ಮೊಬೈಲ್ ನೋಡ್ತಾ ಕೂತಿದ್ರು. ಏನ್ ಮಾಡ್ಲಿ?

ತೋಟದಮನೆ: ಮೊದ್ಲು ಸ್ಪೀಕರ್ ಆಫ್ ಮಾಡಿ ಮಾರಾಯ್ರೆ 😄 ಬಾಳೋ ಪಾಟ್ (ಕೊಡವರ ಜನಪದ ಹಾಡು) ಹಾಡೋ ನಾಲ್ಕು ಜನನ ಕರೀರಿ. ಎಡಗೈಲಿ ಡಮರು ಥರದ ಪುಟ್ಟ ದುಡಿ ಹಿಡ್ಕೊಂಡು ಸಣ್ಣ ಕೋಲಲ್ಲಿ ಬಡೀತಾ ಇಬ್ಬರು ಸಾಲು ಎತ್ತಿದ್ರೆ ಇನ್ನಿಬ್ಬರು ಅದನ್ನ ಹಿಡೀತಾರೆ, ಹತ್ರ ಕೂತು ಕೇಳಿದ್ರೆ ಮೈ ಜುಮ್ ಅನ್ನತ್ತೆ. ಆಮೇಲೆ ದುಡಿನ ಅವರ ಕೈಗೇ ಕೊಡಿ, ತಾಳ ತಪ್ಪಿ ನಗ್ಲಿ, ಆಗ ಯಾರೂ ಮೊಬೈಲ್ ಮುಟ್ಟಲ್ಲ.

ಹಳೇಪುಸ್ತಕ: ಕೊಡವ ತಕ್ಕ್ (ಕೊಡವ ಭಾಷೆ) ಬರಲ್ವಲ್ಲ ಅವರಿಗೆ, ಸಾಲಿನ ಅರ್ಥ ಕನ್ನಡದಲ್ಲಿ ಮೊದ್ಲೇ ಹೇಳಿ. ನಡಿಕೇರಿಯಂಡ ಚಿಣ್ಣಪ್ಪ ಇವನ್ನೆಲ್ಲ ಒಟ್ಟುಮಾಡಿ 1924ರಲ್ಲೇ ಪಟ್ಟೋಲೆ ಪಳಮೆ ಅಂತ ಪುಸ್ತಕ ತಂದಿದಾರೆ, ಅದ್ರಲ್ಲಿ ಹುತ್ತರಿ (ಸುಗ್ಗಿ ಹಬ್ಬ) ಹಾಡು ಆರಿಸ್ಕೊಳ್ಳಿ.

ಕಕ್ಕಬ್ಬೆಕಡೆ: ಸಾವಿನ ಹಾಡೂ ಇದೆ, ಅದನ್ನ ಟೂರಿಸ್ಟಿಗೆ ಹಾಡಿ ಅಂತ ಮಾತ್ರ ಕೇಳ್ಬೇಡಿ. ಇನ್ನೊಂದು, ವಾಲಗದೋರಲ್ಲಿ ಮೇದರು ಮುಂತಾದ ಬೇರೆ ಸಮುದಾಯದೋರೇ ಜಾಸ್ತಿ, ಎಲ್ಲರನ್ನೂ ‘ಕೊಡವ ಕಲಾವಿದರು’ ಅಂತ ಒಂದೇ ಮಾತಲ್ಲಿ ಪರಿಚಯ ಮಾಡಿದ್ರೆ ಅವರಿಗೆ ಅನ್ಯಾಯ. ದುಡ್ಡು ಮೊದ್ಲೇ ಮಾತಾಡಿ, ಊಟಕ್ಕೂ ಜೊತೇಲೇ ಕೂರ್ಸಿ.

ಮಂಜುಮಳೆ: ಈ ವಾಲಗದೋರ ವಿಷಯ ನಂಗೂ ಹೊಳೆದಿರ್ಲಿಲ್ಲ. ಸ್ಪೀಕರ್ ಕ್ಯಾನ್ಸಲ್, ಕಡುಬು ಪಂದಿಕರಿ ಫಿಕ್ಸು.